ಹಲ್ಲುಪುಡಿ ಬದಲಿಸಿದರೆ ಶುಗರ್ ಇಳಿಯದು

ಬ್ರಶ್ ಹಿಡಿಯುವುದು ಹೇಗೆ, ದಿನಕ್ಕೆ ಎಷ್ಟು ಸಲ ಉಜ್ಜಬೇಕು ಎಂಬ ಪ್ರಶ್ನೆಗಳಿಗೆ ಇನ್ನು ಉತ್ತರ ಬರೆಯುವುದಿಲ್ಲ. ಕೆಳಗಿನ ಮೊದಲ ಪ್ರಶ್ನೆಗೆ ಹೆಚ್ಚು ಜಾಗ ಬೇಕು.

ನನಗ 52 ವರ್ಷ ರೀ. ಎಂಟು ವರ್ಷದಿಂದ ಶುಗರ್ ಐತಿ. ಗುಳಿಗಿ ತಪ್ಪಿಸಿಲ್ಲ, ಅನ್ನ ಬಿಟ್ಟು ಜ್ವಾಳದ ರೊಟ್ಟಿ ಉಣ್ತೀನಿ. ಆದ್ರೂ ಎಚ್‌ಬಿಎ1ಸಿ ಅನ್ನೋ ಶುಗರ್ ರಕ್ತಪರೀಕ್ಷೆ 9ರ ಕೆಳಗ ಇಳೀವಲ್ದು. ವಸಡಿನ್ಯಾಗ ರಕ್ತ ಬರ್ತೈತಿ, ಮುಂದಿನ ಎರಡು ಹಲ್ಲು ಅಲ್ಲಾಡ್ತಾವ. ಕ್ಲೀನ್ ಮಾಡಿಸಿದ್ರ ಇದ್ದ ಹಲ್ಲೂ ಸಡ್ಲ ಆಗ್ತಾವ ಅಂತ ಸಂತ್ಯಾಗ ಪುಡಿ ಮಾರಾವ ಹೇಳಿದ. ಅವನ ಕೆಂಪು ಪುಡಿ ಹಚ್ಚಾಕತ್ತೀನಿ. ಶುಗರಿಗೂ ವಸಡಿಗೂ ಸಂಬಂಧ ಐತೇನ್ರಿ? – ಸಿಂಧನೂರು

ಇದೆ, ಅದೂ ಎರಡೂ ಕಡೆಯಿಂದ. ಶುಗರ್ ಏರಿದ್ದರೆ ವಸಡಿನ ಸಣ್ಣ ರಕ್ತನಾಳಗಳು ಕೆಡುತ್ತವೆ, ಸೋಂಕು ತಡೆಯುವ ಬಿಳಿ ರಕ್ತಕಣಗಳು ಮಂದವಾಗುತ್ತವೆ, ಗಾಯ ಬೇಗ ಮಾಯುವುದಿಲ್ಲ. ಇತ್ತ ವಸಡಿನ ಉರಿಯೂತದಲ್ಲಿ ಹುಟ್ಟುವ ರಾಸಾಯನಿಕಗಳು ರಕ್ತ ಸೇರಿ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಪಥ್ಯ ಮಾಡಿಯೂ ಶುಗರ್ ಜಗ್ಗದಿರಲು ಇದೂ ಒಂದು ಕಾರಣ.

ಹಲ್ಲಿಗೂ ವಸಡಿಗೂ ನಡುವಿನ ಸಂದನ್ನು ಮಿಲಿಮೀಟರ್ ಗುರುತಿರುವ ತೆಳ್ಳನೆಯ ಕಡ್ಡಿ ಇಳಿಸಿ ಅಳೆಯುತ್ತೇವೆ, ಒಂದೊಂದು ಹಲ್ಲಿಗೆ ಆರು ಕಡೆ. 3 ಮಿ.ಮೀ.ವರೆಗೆ ಚಿಂತೆಯಿಲ್ಲ. 5 ದಾಟಿದರೆ ತಳಕ್ಕೆ ಬ್ರಶ್ಶಿನ ಎಳೆಯೇ ಮುಟ್ಟದು, ಬೆರಳಲ್ಲಿ ಹಚ್ಚಿದ ಪುಡಿ ಎಲ್ಲಿ ಮುಟ್ಟೀತು? ಇಂಥ ಪುಡಿಗಳಲ್ಲಿ ಬಹಳಷ್ಟಕ್ಕೆ ಕೆಂಪು ಬರುವುದು ಕಾವಿಮಣ್ಣಿನಿಂದ. ಅದು ಹಲ್ಲಿನ ಬುಡ ಸವೆಸುತ್ತದೆ. ಕೆಲವಕ್ಕೆ ತಂಬಾಕನ್ನೂ ಬೆರೆಸುತ್ತಾರೆ. ತಂಬಾಕು ರಕ್ತನಾಳ ಕುಗ್ಗಿಸುವುದರಿಂದ ರಕ್ತ ಬರುವುದು ಕಡಿಮೆಯಾಗುತ್ತದೆ, ರೋಗ ಒಳಗೇ ಬೆಳೆಯುತ್ತದೆ. ‘ಪುಡಿ ಭಾಳ ಚಲೋ’ ಎಂಬ ಹೆಸರು ಬರುವುದು ಹೀಗೆ.

ಕ್ಲೀನಿಂಗ್‌ನಿಂದ ಹಲ್ಲು ಸಡಿಲಾಗುತ್ತದೆ ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಹಲ್ಲು ಸಡಿಲಾಗುವುದು ಸುತ್ತಲಿನ ಎಲುಬು ಕರಗಿದ್ದರಿಂದ. ಗಟ್ಟಿಯಾದ ಪಾಚಿ ಹಲ್ಲುಗಳ ನಡುವೆ ಗಾರೆಯಂತೆ ಕೂತು ಅವನ್ನು ಹಿಡಿದಿಟ್ಟಿರುತ್ತದೆ. ತೆಗೆದಾಗ ಮೊದಲೇ ಇದ್ದ ಸಡಿಲು ಬಯಲಾಗುತ್ತದೆ. ಬಾವು ಇಳಿದ ಮೇಲೆ ಹಲ್ಲುಗಳ ನಡುವೆ ಸಂದು ಕಾಣುತ್ತದೆ, ಕೆಲವು ವಾರ ತಣ್ಣೀರು ಜುಮ್ಮೆನ್ನುತ್ತದೆ. ಗಾಬರಿ ಬೇಡ.

ನಿಮಗೆ ಮೇಲುಮೇಲಿನ ಕ್ಲೀನಿಂಗ್ (ಸ್ಕೇಲಿಂಗ್) ಸಾಲದು. ಜೋಮು ಬರುವ ಇಂಜೆಕ್ಷನ್ ಕೊಟ್ಟು, ವಸಡಿನೊಳಗೆ ಬೇರಿಗೆ ಅಂಟಿದ ಪಾಚಿಯನ್ನೂ ತೆಗೆಯಬೇಕು. ರೂಟ್ ಪ್ಲೇನಿಂಗ್ ಎಂದು ಕೇಳಿ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಸಲ ಹೋಗಬೇಕಾಗುತ್ತದೆ. ಬೆಳಿಗ್ಗೆ ಹೊತ್ತು, ನಾಷ್ಟಾ ಮಾಡಿ, ಗುಳಿಗೆ ನುಂಗಿಯೇ ಹೋಗಿ. ಗುಳಿಗೆ ನುಂಗಿ ಖಾಲಿ ಹೊಟ್ಟೆಯಲ್ಲಿ ಬಂದು, ಶುಗರ್ 70ಕ್ಕಿಂತ ಕೆಳಗಿಳಿದು ಕುರ್ಚಿಯಲ್ಲೇ ಬೆವರುವ ಸಾಹಸ ಯಾರಿಗೂ ಬೇಡ. ಮನೆಯಲ್ಲಿ ರಾತ್ರಿ ಬ್ರಶ್ ಮಾಡುವ ಮುಂಚೆ ಹಲ್ಲುಗಳ ನಡುವಿನ ಸಂದಿನ ಅಳತೆಗೆ ಒಗ್ಗುವ, ಅದರೊಳಗೆ ತೂರುವ ಸಣ್ಣ ಇಂಟರ್‌ಡೆಂಟಲ್ ಬ್ರಶ್ ಆಡಿಸಿ. ಮೊದಲ ದಿನಗಳಲ್ಲಿ ರಕ್ತ ಬರುತ್ತದೆ, ಅದಕ್ಕೆ ಹೆದರಿ ಬಿಡಬೇಡಿ. ಆರರಿಂದ ಎಂಟು ವಾರಕ್ಕೆ ವಸಡಿನ ಸಂದುಗಳನ್ನು ಮತ್ತೆ ಅಳೆಸಿ, ಆಮೇಲೆ ಮೂರು ತಿಂಗಳಿಗೊಮ್ಮೆ ತೋರಿಸಿ. ಅಲ್ಲಾಡುವ ಎರಡು ಹಲ್ಲು ಉಳಿಯುತ್ತವೋ ಇಲ್ಲವೋ ಎಕ್ಸ್‌ರೇ ನೋಡದೆ ಹೇಳಲಾಗದು.

ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿ ತೋರಿಸುವುದರಿಂದ ಹತ್ತು ದಿನಕ್ಕೇ ಲ್ಯಾಬಿಗೆ ಓಡಬೇಡಿ. ವಸಡಿನ ಚಿಕಿತ್ಸೆಯಿಂದ ಅದು ಸರಾಸರಿ 0.4ರಷ್ಟು ಇಳಿಯುತ್ತದೆ. 9 ಇದ್ದದ್ದು 6 ಆಗುತ್ತದೆ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಗುಳಿಗೆ ನೀವಾಗಿಯೇ ಕಡಿಮೆ ಮಾಡಬೇಡಿ.

ಮ್ಯಾಲಿನ ಹಲ್ಲು ಕೀಳಿಸಿದ್ರ ಕಣ್ಣು ಹೋಗ್ತಾವಂತ, ಖರೇನ್ರಿ? – ಗಂಗಾವತಿ

ಸುಳ್ಳು. ಕಣ್ಣಿನ ನರ ಬೇರೆ, ಹಲ್ಲಿನ ನರ ಬೇರೆ.

ಅಪ್ಪಾಜಿಗೆ ಮೂರು ತಿಂಗಳ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಹಲ್ಲು ಕೀಳಿಸಲು ರಕ್ತ ತೆಳು ಮಾಡುವ ಗುಳಿಗೆ ಐದು ದಿನ ನಿಲ್ಲಿಸಲೇ? – ಬಳ್ಳಾರಿ

ಒಂದು ದಿನವೂ ನೀವಾಗಿ ನಿಲ್ಲಿಸಬೇಡಿ. ಹಲ್ಲಿನ ಗಾಯದ ರಕ್ತವನ್ನು ಬಟ್ಟೆ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ. ಕೀಳಿಸುವುದನ್ನು ಈಗ ಮಾಡಬೇಕೋ ಮುಂದೂಡಬೇಕೋ ಎಂದು ಹೃದಯದ ಡಾಕ್ಟರರನ್ನು ಕೇಳಿ, ಗುಳಿಗೆ ಚೀಟಿ ಹಲ್ಲಿನ ಡಾಕ್ಟರಿಗೂ ತೋರಿಸಿ.

ಬೋರಿನ ನೀರು ಕುಡಿದು ಮಗನ ಹಲ್ಲು ಕಂದಾಗ್ಯಾವ. ಯಾವ ಪೇಸ್ಟ್ ತರಬೇಕು? – ಕುಷ್ಟಗಿ

ಯಾವುದೂ ಅಲ್ಲ. ಫ್ಲೋರೈಡ್ ಕಲೆಯಾಗಿದ್ದರೆ ಅದು ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗಲೇ ಆದದ್ದು. ಮೊದಲು ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿ.ಗ್ರಾಂ ಮೀರಿದ್ದರೆ ಕುಡಿಯಲಿಕ್ಕೂ ಅಡುಗೆಗೂ ಬೇರೆ ನೀರು ತನ್ನಿ, ಇಲ್ಲದಿದ್ದರೆ ಮುಂದೆ ಕೀಲು, ಎಲುಬಿಗೂ ಕುತ್ತು. ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾಗಿ ಅದರ ಪ್ರಮಾಣ ಹೆಚ್ಚುತ್ತದೆ.

ಸಂತ್ಯಾಗ ಕುಂತಲ್ಲೇ ಫಿಕ್ಸ್ ಹಲ್ಲು ಕೂಡಿಸ್ತಾರ, ಅಗ್ಗ ಐತಿ. ಹಾಕಿಸ್ಲೇನ್ರಿ? – ಮಾನ್ವಿ

ಬೇಡ. ಪಕ್ಕದ ಗಟ್ಟಿ ಹಲ್ಲಿಗೆ ತಂತಿ ಸುತ್ತಿ, ವಸಡಿನ ಮೇಲೇ ಪ್ಲಾಸ್ಟಿಕ್ ಮೆತ್ತುತ್ತಾರೆ. ಅಡಿಯಲ್ಲಿ ಕೂಳು ಕೊಳೆತು, ಆ ಗಟ್ಟಿ ಹಲ್ಲೂ ಹೋಗುತ್ತದೆ. ಈಗಾಗಲೇ ಹಾಕಿಸಿಕೊಂಡವರು ಬಿಡಿಸಿಕೊಳ್ಳಿ.