ಅಜ್ಜಿಯ ಗೇಣು, ಅಮ್ಮನ ಬ್ಲೇಡು

"ಟೈಲರಿಂಗ್ ಕ್ಲಾಸಿಗೆ ಹೋಗದೆ, ಮನೆಯ ಹಿರಿಯರಿಂದಲೇ ಹೊಲಿಗೆ ಕಲಿಯಬಹುದಾ?" ಅಂತ ಕೇಳಿದ್ದೀರಿ. ನಾನು ಹಾಗೇ ಕಲಿತವಳು. ಕಲಿಯಬಹುದು. ಆದರೆ ಅವರು ಹೊಲಿಯುವಾಗ ಸುಮ್ನೆ ಪಕ್ಕದಲ್ಲಿ ಕೂತು ನೋಡಿದರೆ ಏನೂ ಬರುವುದಿಲ್ಲ. ಬಿಚ್ಚಬೇಕು.

ನಮ್ಮದು ಹಾಸನ ಜಿಲ್ಲೆಯ ಆಲೂರು ಕಡೆ. ಮನೆಯಲ್ಲಿ ದೊಡ್ಡ ಸೂಜಿ ಅಂದರೆ ಅಜ್ಜನ ದಬ್ಬಣ, ಆಲೂಗಡ್ಡೆ ಚೀಲದ ಬಾಯಿ ಹೊಲಿಯೋಕೆ. ಸಣ್ಣ ಸೂಜಿ ಅಜ್ಜಿಯದು. ಹಳೇ ಹತ್ತಿ ಸೀರೆ ಹರಿದು ಕೂಸುಗಳಿಗೆ ಕುಲಾವಿ ಹೊಲಿಯುತ್ತಿದ್ದರು. ಹೊಲಿಗೆಯ ಅಂಚು ಹೊರಗಡೆ ಬರುವ ಹಾಗೆ ಮಡಚುತ್ತಿದ್ದರು. ಚೆನ್ನಾಗಿ ಕಾಣಲ್ಲ ಅಂದರೆ, "ಕೂಸಿನ ತಲೆಗೆ ಒತ್ತಬಾರದು, ನೋಡೋರಿಗೇನು ಕಷ್ಟ" ಅನ್ನುತ್ತಿದ್ದರು.

ಅಮ್ಮನ ಕಾಲಕ್ಕೆ ತುಳಿಯುವ ಉಷಾ ಮಿಷನ್ ಬಂತು. ಒಂದು ವರ್ಷ ನನಗೆ ಅದನ್ನು ಮುಟ್ಟೋಕೆ ಬಿಡಲಿಲ್ಲ. ಬ್ಲೇಡು ಕೊಟ್ಟು ಹಳೇ ರವಿಕೆ ಬಿಚ್ಚೋಕೆ ಕೂರಿಸಿದರು. ಒಂದೊಂದೇ ಹೊಲಿಗೆ, ಬಟ್ಟೆ ಹರಿಯಬಾರದು. ಅಳು ಬರುತ್ತಿತ್ತು. ಬಿಚ್ಚಿದ ತೋಳನ್ನು ನೆಲದ ಮೇಲೆ ಹಾಸಿದಾಗ ಮಾತ್ರ ಗೊತ್ತಾಯಿತು, ಮೇಲಿನ ಗುಂಡು ಎರಡೂ ಕಡೆ ಒಂದೇ ಥರ ಇಲ್ಲ. ಮುಂದೆ ಜಾಸ್ತಿ ಕೊರೆದಿದೆ, ಹಿಂದೆ ಕಡಿಮೆ. ಕೈ ಮುಂದಕ್ಕೇ ಚಾಚುತ್ತೇವೆ, ಅಲ್ವಾ? ಮುಂದೆ ಬಟ್ಟೆ ಉಳಿದರೆ ನೆರಿಗೆ ಬೀಳುತ್ತದೆ. ರವಿಕೆ ಮೈಮೇಲಿದ್ದಾಗ ಇದು ಕಾಣುವುದೇ ಇಲ್ಲ. ಟಕ್ಸ್, ಅಂದರೆ ಎದೆಯ ಹತ್ತಿರ ಬಟ್ಟೆ ಮಡಚಿ ಹಾಕಿದ ಹೊಲಿಗೆ, ಬಿಚ್ಚಿದರೆ ಚಪ್ಪಟೆ ಬಟ್ಟೆಗೆ ಉಬ್ಬು ಎಲ್ಲಿಂದ ಬಂತು ಅನ್ನೋದೂ ತಿಳಿಯುತ್ತದೆ.

ಹಾಗಂತ ಮನೆಯಿಂದ ಬಂದದ್ದೆಲ್ಲ ಚಿನ್ನ ಅಲ್ಲ. ಅಜ್ಜಿಯ ಅಳತೆಯೆಲ್ಲ ಕೈಯಲ್ಲೇ. "ಉದ್ದ ತೋಳಿಗೆ ಒಂದು ಗೇಣು, ಮೇಲೆರಡು ಬೆರಳು." ಹಾಸನಾಂಬೆ ಗುಡಿ ಬಾಗಿಲು ತೆಗೆಯೋದು ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ. ಅಲ್ಲಿಗೆ ಹೋಗೋಕೆ ಅಂತ ಚಿಕ್ಕಮ್ಮನ ರೇಷ್ಮೆ ರವಿಕೆಯನ್ನು ನಾನೇ ಈ ಲೆಕ್ಕದಲ್ಲಿ ಕತ್ತರಿಸಿದೆ. ನನ್ನ ಗೇಣು ಅಜ್ಜಿಯದಕ್ಕಿಂತ ಚಿಕ್ಕದು! ತೋಳು ಒಂದೂವರೆ ಇಂಚು ಗಿಡ್ಡವಾಯಿತು. ಉಳಿದಿದ್ದ ಜರಿ ಅಂಚನ್ನು ಪಟ್ಟಿ ಮಾಡಿ ಕೂಡಿಸಿದೆ. ಸಾಲಿನಲ್ಲಿ ನಿಂತಿದ್ದ ಯಾರೋ ಹೊಸ ಡಿಸೈನಾ ಅಂತ ಕೇಳಿದರಂತೆ. ಟೇಪು ತಗೊಳ್ಳಿ.

ಶುರು ಮಾಡೋಕೆ, ನಿಮಗೆ ಸರಿಯಾಗಿ ಕೂರುವ ಒಂದು ಹಳೇ ರವಿಕೆ ಬಿಚ್ಚಿ, ಇಸ್ತ್ರಿ ಮಾಡಿ, ಪೇಪರಿನ ಮೇಲಿಟ್ಟು ಗೆರೆ ಎಳೆದುಕೊಳ್ಳಿ. ಹತ್ತಿ ಲೈನಿಂಗ್ ಬಟ್ಟೆಯನ್ನು ನೆನೆಸಿ ಒಣಗಿಸಿ ಆಮೇಲೆ ಕತ್ತರಿಸಿ, ಇಲ್ಲದಿದ್ದರೆ ಒಗೆದ ಮೇಲೆ ಕುಗ್ಗಿ ಜಗ್ಗುತ್ತದೆ. ಮಿಷನ್ನಿನಲ್ಲಿ ಬಟ್ಟೆಯ ಕೆಳಗೆ ದಾರ ಗಂಟು ಗಂಟಾದರೆ ಎಲ್ಲರೂ ಬಾಬಿನ್, ಅಂದರೆ ಕೆಳಗಿನ ದಾರದ ಪುಟ್ಟ ಉರುಳೆ, ಬೈಯುತ್ತಾರೆ. ಬಹಳ ಸಲ ತಪ್ಪು ಮೇಲಿನ ದಾರ ಪೋಣಿಸಿದ್ದರಲ್ಲೇ ಇರುತ್ತದೆ.

ಬಗಲಲ್ಲಿ ಮಾರ್ಜಿನ್, ಅಂದರೆ ಒಳಗೆ ಹೆಚ್ಚುವರಿ ಬಟ್ಟೆ, ಬಿಡೋದು ಮರೆಯಬೇಡಿ. ಅಮ್ಮ ಅದರಲ್ಲಿ ಪಕ್ಕಪಕ್ಕ ನಾಲ್ಕು ಸಾಲು ಹೊಲಿಗೆ ಹಾಕಿಡುತ್ತಾರೆ, ಬಿಗಿಯಾದಾಗ ಒಂದು ಬಿಚ್ಚಿದರಾಯಿತು. ಅವರ ಮದುವೆ ರವಿಕೆಯಲ್ಲಿ ಮೂರು ಸಾಲು ಬಿಚ್ಚಿದ ಗುರುತಿದೆ. ನಾವು ಇಬ್ಬರು ಮಕ್ಕಳು, ಹಾಗಾಗಿ ಎರಡರ ಲೆಕ್ಕ ಸಿಕ್ಕಿತು. ಮೂರನೆಯದು ಯುಗಾದಿ ಒಬ್ಬಟ್ಟಿಗಂತೆ.