ಲೋಕಲ್ ರೈಲಿನಲ್ಲಿ ಆಡುವ ಪುಟ್ಟ ಪಿಸಿಗೆ ವಿಂಡೋಸಾ, ಲಿನಕ್ಸಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಡೊಂಬಿವಲಿಯವನು. ದಿನಾ ಬೆಳಿಗ್ಗೆ ಫಾಸ್ಟ್ ಲೋಕಲ್‌ನಲ್ಲಿ ದಾದರ್‌ಗೆ ಹೋಗುತ್ತೇನೆ. ಡೊಂಬಿವಲಿಯಿಂದಲೇ ಹೊರಡುವ ಗಾಡಿ, ಹಾಗಾಗಿ ಕೂರಲು ಜಾಗ ಸಿಗುತ್ತೆ. ಆ ಹೊತ್ತಿನಲ್ಲಿ ಆಡೋಣ ಅಂತ ಒಂದು ಹ್ಯಾಂಡ್‌ಹೆಲ್ಡ್ ಗೇಮಿಂಗ್ ಪಿಸಿ ಕೊಂಡಿದ್ದೇನೆ. ಎಎಂಡಿ ಚಿಪ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 11. ದಾದರ್ ಬಂತು ಅಂತ ಪವರ್ ಬಟನ್ ಒತ್ತಿ ಬ್ಯಾಗಿಗೆ ಹಾಕಿದರೆ, ಆಫೀಸಿನಲ್ಲಿ ತೆಗೆಯುವಾಗ ಬಿಸಿ ಬಿಸಿ ಇರುತ್ತೆ, ಬ್ಯಾಟರಿ ಅರ್ಧ ಖಾಲಿ. ಒಬ್ಬ ಗೆಳೆಯ ವಿಂಡೋಸ್ ಬದಲು ಸ್ಟೀಮ್‌ಓಎಸ್ ಹಾಕು ಅಂತಾನೆ, ಇನ್ನೊಬ್ಬ ಬ್ಯಾಝೈಟ್ ಅಂತಾನೆ. ನಾನು ಆಡುವುದು ಎಲ್ಡನ್ ರಿಂಗ್, ಹೇಡೀಸ್, ಸ್ಟಾರ್‌ಡ್ಯೂ ವ್ಯಾಲಿ. ಭಾನುವಾರ ನನ್ನ ತಮ್ಮ ಅದನ್ನೇ ಟಿವಿಗೆ ಜೋಡಿಸಿಕೊಂಡು ವ್ಯಾಲೊರಂಟ್ ಆಡುತ್ತಾನೆ. ಏನು ಮಾಡಲಿ?

ಉತ್ತರ: ಮೊದಲು ಬ್ಯಾಗಿನ ಬಿಸಿಯ ವಿಷಯ ನೋಡೋಣ. ಅದಕ್ಕೆ ಇವತ್ತು ರಾತ್ರಿಯೇ ಪರಿಹಾರ ಇದೆ, ಏನನ್ನೂ ಅಳಿಸಬೇಕಾಗಿಲ್ಲ.

ಈಗಿನ ಇಂಥ ಯಂತ್ರಗಳಲ್ಲಿ ವಿಂಡೋಸಿನ ಸ್ಲೀಪ್ ಎಂದರೆ ಕೋಳಿ ನಿದ್ದೆ. ಪರದೆ ಆರಿರುತ್ತೆ, ಆದರೆ ಒಳಗೆ ಫೋನಿನ ಹಾಗೆ ಅರ್ಧ ಎಚ್ಚರವಾಗಿರುತ್ತೆ. ಇದಕ್ಕೆ ಮಾಡರ್ನ್ ಸ್ಟ್ಯಾಂಡ್‌ಬೈ ಅಂತ ಹೆಸರು. ಯಾವುದೋ ಅಪ್‌ಡೇಟ್, ಯಾವುದೋ ಹಿನ್ನೆಲೆ ಪ್ರೋಗ್ರಾಂ ಅದನ್ನು ಪೂರ್ತಿ ಎಬ್ಬಿಸಿಬಿಟ್ಟರೆ ಮುಗಿಯಿತು. ನೀವು ನಿಲ್ಲಿಸಿದ್ದ ಆಟ ಬ್ಯಾಗಿನೊಳಗೇ ಓಡಲು ಶುರು. ಗಾಳಿ ಆಡದ ಜಾಗ, ಫ್ಯಾನ್ ಎಷ್ಟು ತಿರುಗಿದರೂ ಉಪಯೋಗ ಇಲ್ಲ. ಇದು ನಿಮ್ಮ ಒಂದು ಯಂತ್ರದ ದೋಷ ಅಲ್ಲ. ವಿಂಡೋಸ್ ಲ್ಯಾಪ್‌ಟಾಪ್ ಇಟ್ಟುಕೊಂಡವರಲ್ಲೂ ಎಷ್ಟೋ ಜನರಿಗೆ ಇದು ಗೊತ್ತಿರುವ ಕಥೆಯೇ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್‌ಗೆ ಹೋಗಿ. ಪವರ್ ಬಟನ್ ಒತ್ತಿದರೆ ಏನಾಗಬೇಕು ಎಂದು ಕೇಳುವ ಜಾಗದಲ್ಲಿ ಸ್ಲೀಪ್ ತೆಗೆದು ಹೈಬರ್ನೇಟ್ ಆರಿಸಿ. ಆಗ ರ‍್ಯಾಮ್‌ನಲ್ಲಿ ಇದ್ದುದೆಲ್ಲ ಎಸ್‌ಎಸ್‌ಡಿಗೆ ಬರೆದುಕೊಂಡು ಯಂತ್ರ ನಿಜವಾಗಿ ಆಫ್ ಆಗುತ್ತೆ. ಮತ್ತೆ ಏಳಲು ಸ್ವಲ್ಪ ಹೊತ್ತು ಹಿಡಿಯುತ್ತೆ, ಕೆಲವು ಆಟಗಳು ಎದ್ದ ಮೇಲೆ ಮುಗ್ಗರಿಸುವುದೂ ಉಂಟು. ಆದರೆ ಬ್ಯಾಗ್ ತಣ್ಣಗಿರುತ್ತೆ. ಒಂದು ವಾರ ಹೀಗೆ ಆಡಿ ನೋಡಿ. ಸಾಕು ಅನಿಸಿದರೆ ವಿಂಡೋಸೇ ಇರಲಿ.

ಸಾಕಾಗಲಿಲ್ಲ ಅಂದರೆ ನಿಮ್ಮ ಗೆಳೆಯರ ಮಾತಿಗೆ ಬರೋಣ. ಸ್ಟೀಮ್‌ಓಎಸ್ ಆಗಲಿ ಬ್ಯಾಝೈಟ್ ಆಗಲಿ, ಎರಡೂ ಲಿನಕ್ಸ್, ಅಂದರೆ ವಿಂಡೋಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ. ಮೊದಲನೆಯದು ವಾಲ್ವ್ ಕಂಪನಿ ತನ್ನ ಸ್ಟೀಮ್ ಡೆಕ್ ಎಂಬ ಹ್ಯಾಂಡ್‌ಹೆಲ್ಡ್‌ಗಾಗಿ ಆರ್ಚ್ ಲಿನಕ್ಸ್ ಮೇಲೆ ಕಟ್ಟಿದ್ದು. ಡೆಕ್ ಬಂದದ್ದು 2022ರಲ್ಲಿ. ಎರಡನೆಯದು ಫೆಡೋರಾ ಎಂಬ ಲಿನಕ್ಸ್ ಮೇಲೆ ಸ್ವಯಂಸೇವಕರು ಕಟ್ಟಿದ್ದು. ಎರಡೂ ಪುಕ್ಕಟೆ. ಆನ್ ಮಾಡಿದರೆ ನೇರವಾಗಿ ಆಟಗಳ ಪರದೆಯೇ ಬರುತ್ತೆ. ಆಟ ನಡೆಯುತ್ತಿರುವಾಗ ಬಟನ್ ಒತ್ತಿದರೆ ಆಟ ಇದ್ದಲ್ಲೇ ಹೆಪ್ಪುಗಟ್ಟುತ್ತೆ. ಇನ್ನೊಮ್ಮೆ ಒತ್ತಿದರೆ ಕತ್ತಿ ಎತ್ತಿದ ಕೈ ಎತ್ತಿದ ಹಾಗೇ ಇರುತ್ತೆ. ನಿದ್ದೆಯಲ್ಲಿ ಬ್ಯಾಟರಿ ಇಲ್ಲೂ ಸ್ವಲ್ಪ ಇಳಿಯುತ್ತೆ, ಆದರೆ ತಾನಾಗಿ ಎದ್ದು ಕೂರುವುದು ಬಹಳ ಕಡಿಮೆ. ಕುರ್ಲಾದಲ್ಲಿ ಜನ ನುಗ್ಗಿದಾಗ ಒಂದೇ ಬೆರಳಿನಲ್ಲಿ ಆಟ ನಿಲ್ಲಿಸಿ ಯಂತ್ರವನ್ನು ಎದೆಗೆ ಒತ್ತಿಕೊಳ್ಳಬಹುದು ಅಲ್ವಾ, ನನ್ನ ಮಟ್ಟಿಗೆ ಅದು ಸೆಕೆಂಡಿಗೆ ಹತ್ತು ಫ್ರೇಮ್ (ಪರದೆಯ ಚಿತ್ರ) ಜಾಸ್ತಿ ಸಿಗುವುದಕ್ಕಿಂತ ದೊಡ್ಡದು. ಹಾಗಂತ ವೇಗದಲ್ಲೂ ಲಿನಕ್ಸ್ ಹಿಂದೆ ಬಿದ್ದಿಲ್ಲ. 2025ರಲ್ಲಿ ಲೆನೊವೊ ಲೀಜನ್ ಗೋ ಎಸ್ ಎಂಬ ಒಂದೇ ಯಂತ್ರಕ್ಕೆ ವಿಂಡೋಸ್, ಸ್ಟೀಮ್‌ಓಎಸ್ ಎರಡನ್ನೂ ಹಾಕಿ ಅಳೆದವರಿಗೆ ಹಲವು ಆಟಗಳಲ್ಲಿ ಸ್ಟೀಮ್‌ಓಎಸ್ ಮುಂದೆ ಕಂಡಿತು.

ವಿಂಡೋಸ್ ಆಟ ಲಿನಕ್ಸಿನಲ್ಲಿ ಹೇಗೆ ಓಡುತ್ತೆ? ವಾಲ್ವ್ 2018ರಲ್ಲಿ ತಂದ ಪ್ರೋಟಾನ್ ಎಂಬ ಪದರ ನಡುವೆ ಕೂತು ದುಭಾಷಿಯ ಕೆಲಸ ಮಾಡುತ್ತೆ. ಆಟ ಡೈರೆಕ್ಟ್‌ಎಕ್ಸ್ ಭಾಷೆಯಲ್ಲಿ ಕೇಳಿದ್ದನ್ನು ಅದು ವಲ್ಕನ್ ಭಾಷೆಗೆ ತಿರುಗಿಸಿ ಗ್ರಾಫಿಕ್ಸ್ ಚಿಪ್‌ಗೆ ಹೇಳುತ್ತೆ. ನಿಮ್ಮ ಮೂರೂ ಆಟಗಳು ಇದರಲ್ಲಿ ಚೆನ್ನಾಗಿ ನಡೆಯುತ್ತವೆ. ಎಲ್ಡನ್ ರಿಂಗ್‌ನಲ್ಲಿ ಆನ್‌ಲೈನ್ ಕೂಡ ಕೆಲಸ ಮಾಡುತ್ತೆ. ಬೇರೆ ಆಟ ಕೊಳ್ಳುವ ಮುಂಚೆ ಪ್ರೋಟಾನ್‌ಡಿಬಿ ತಾಣದಲ್ಲಿ ಹೆಸರು ಹಾಕಿ, ಆಡಿದವರು ಬರೆದದ್ದನ್ನು ಓದಿ.

ಇನ್ನು ನಿಮ್ಮ ತಮ್ಮನ ವಿಷಯ. ಕಷ್ಟ ಇರುವುದು ಇಲ್ಲೇ. ವ್ಯಾಲೊರಂಟ್‌ನ ವ್ಯಾನ್‌ಗಾರ್ಡ್ ಎಂಬ ಮೋಸ ತಡೆಯುವ ಪ್ರೋಗ್ರಾಂ ವಿಂಡೋಸಿನ ಕರ್ನಲ್‌ನಲ್ಲೇ, ಅಂದರೆ ಅದರ ತಿರುಳಿನಲ್ಲೇ ಕೂರುತ್ತೆ. ಲಿನಕ್ಸಿನಲ್ಲಿ ಅದು ಓಡುವುದೇ ಇಲ್ಲ, ಯಾವ ಉಪಾಯಕ್ಕೂ ಬಗ್ಗುವುದಿಲ್ಲ. ಫೋರ್ಟ್‌ನೈಟ್ ಕಥೆಯೂ ಅದೇ. ಏಪೆಕ್ಸ್ ಲೆಜೆಂಡ್ಸ್ ಲಿನಕ್ಸಿನಲ್ಲಿ ನಡೆಯುತ್ತಿತ್ತು, 2024ರ ಕೊನೆಯ ಹೊತ್ತಿಗೆ ಅದರ ಕಂಪನಿಯೇ ಲಿನಕ್ಸಿಗೆ ಬಾಗಿಲು ಹಾಕಿತು. ಅಂದರೆ ಇವತ್ತು ನಡೆಯುವ ಆನ್‌ಲೈನ್ ಆಟ ನಾಳೆಯೂ ನಡೆಯುತ್ತೆ ಎಂಬ ಭರವಸೆ ಇಲ್ಲ. ಆದ್ದರಿಂದ ತಮ್ಮನನ್ನು ಕೇಳದೆ ವಿಂಡೋಸ್ ಅಳಿಸಬೇಡಿ. ಮನೆಯಲ್ಲಿ ಸುಮ್ನೆ ಜಗಳ.

ನಿಮಗೆ ವಿಂಡೋಸ್, ಲಿನಕ್ಸ್ ಎರಡೂ ಬೇಕು. ಹಾಗಾದರೆ ಸ್ಟೀಮ್‌ಓಎಸ್ ಬೇಡ, ಬ್ಯಾಝೈಟ್ ಹಾಕಿ. ಕಾರಣ ಎರಡು. ಸ್ಟೀಮ್‌ಓಎಸ್ ಹಾಕುವ ಪ್ರೋಗ್ರಾಂ ಡಿಸ್ಕನ್ನು ಪೂರ್ತಿ ಅಳಿಸಿಬಿಡುತ್ತೆ, ಪಕ್ಕದಲ್ಲಿ ವಿಂಡೋಸ್ ಉಳಿಸುವ ಆಯ್ಕೆಯನ್ನೇ ಕೊಡುವುದಿಲ್ಲ. ಎರಡನೆಯದು ಸೆಕ್ಯೂರ್ ಬೂಟ್, ಅಂದರೆ ಯಂತ್ರ ಆನ್ ಆಗುವಾಗ ನಂಬಿಕಸ್ಥ ಸಹಿ ಇರುವ ಸಾಫ್ಟ್‌ವೇರ್ ಮಾತ್ರ ಓಡಲು ಬಿಡುವ ಕಾವಲು. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಅದು ಆನ್ ಇರಬೇಕು, ಸ್ಟೀಮ್‌ಓಎಸ್‌ಗೆ ಅದು ಆಫ್ ಇರಬೇಕು. ಪ್ರತಿ ಭಾನುವಾರ ಬಯೋಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್ಸ್‌ಗೆ) ಹೋಗಿ ಬದಲಾಯಿಸುತ್ತಾ ಕೂರುವುದು ಯಾರಿಗೂ ಆಗದ ಮಾತು. ಬ್ಯಾಝೈಟ್‌ಗೆ ಅದರ ಕೀಲಿಯನ್ನು ಒಮ್ಮೆ ನೋಂದಾಯಿಸಿಬಿಟ್ಟರೆ ಸೆಕ್ಯೂರ್ ಬೂಟ್ ಆನ್ ಇದ್ದೇ ನಡೆಯುತ್ತೆ. ಜೊತೆಗೆ ಅಪ್‌ಡೇಟ್ ಆದ ಮೇಲೆ ಏನಾದರೂ ಕೆಟ್ಟರೆ, ಬೂಟ್ ಆಗುವಾಗ ಹಿಂದಿನ ಆವೃತ್ತಿಯನ್ನೇ ಆರಿಸಿಕೊಳ್ಳಬಹುದು. ಹೊಸಬರಿಗೆ ಇದು ಎಷ್ಟು ಧೈರ್ಯ ಕೊಡುತ್ತೆ ಅಂತ ಹೇಳಲಾರೆ.

ಶುರು ಮಾಡುವ ಮುಂಚೆ ಒಂದು ಕೆಲಸವನ್ನು ಖಂಡಿತ ಮಾಡಿ. ವಿಂಡೋಸ್ 11 ಎಷ್ಟೋ ಸಲ ನಿಮಗೆ ಗೊತ್ತಾಗದ ಹಾಗೆ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕಿರುತ್ತೆ. ಬೂಟ್ ವ್ಯವಸ್ಥೆ ಬದಲಾದ ಕೂಡಲೇ ಆ ಬೀಗ, ಅಂದರೆ ಬಿಟ್‌ಲಾಕರ್, ರಿಕವರಿ ಕೀ ಕೇಳುತ್ತೆ. ಆ 48 ಅಂಕಿಗಳು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತವೆ. ಮೊದಲೇ ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆಟದ ಸೇವ್‌ಗಳು ಸ್ಟೀಮ್ ಕ್ಲೌಡ್‌ಗೆ ಹೋಗಿವೆಯಾ ನೋಡಿ, ಹೋಗದವನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ಆಮೇಲೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದರ ಭಾಗವನ್ನು ಕುಗ್ಗಿಸಿ. ನಾನಾದರೆ ವಿಂಡೋಸ್‌ಗೆ 180 ಜಿಬಿ ಬಿಟ್ಟು ಮಿಕ್ಕಿದ್ದನ್ನು ಬ್ಯಾಝೈಟ್‌ಗೆ ಕೊಡುತ್ತೇನೆ. 16 ಜಿಬಿ ಪೆನ್‌ಡ್ರೈವ್, ಒಂದು ಕೀಬೋರ್ಡ್, ಚಾರ್ಜಿಂಗ್ ಪೋರ್ಟ್ ಇರುವ ಟೈಪ್-ಸಿ ಹಬ್ ಬೇಕು. ಮನೆಯಲ್ಲಿ ಇಲ್ಲದಿದ್ದರೆ ದಾದರ್‌ನಿಂದ ಗ್ರಾಂಟ್ ರೋಡ್‌ಗೆ ಹೋಗಿ, ಲ್ಯಾಮಿಂಗ್ಟನ್ ರೋಡಿನಲ್ಲಿ ಮೂರೂ ಸಿಗುತ್ತವೆ. ಯಂತ್ರವನ್ನು ಚಾರ್ಜ್‌ಗೆ ಇಟ್ಟುಕೊಂಡೇ ಹಾಕಿ. ಮನಸ್ಸು ಬದಲಾದರೂ ಚಿಂತೆ ಇಲ್ಲ, ಯಂತ್ರದ ಜೊತೆ ಬಂದ ವಿಂಡೋಸ್ ಪರವಾನಗಿ ಅದರ ಫರ್ಮ್‌ವೇರ್‌ನಲ್ಲೇ ಇರುತ್ತೆ, ಮತ್ತೆ ಹಾಕಲು ದುಡ್ಡು ಕೊಡಬೇಕಾಗಿಲ್ಲ.

ಹೊಸ ಆಟವನ್ನು ಮನೆಯ ವೈಫೈನಲ್ಲಿ ಒಮ್ಮೆ ತೆರೆದು ನೋಡಿ, ಆಮೇಲೆ ಲೋಕಲ್‌ಗೆ ತನ್ನಿ. ಮೊದಲ ಸಲ ಪ್ರೋಟಾನ್ ತನಗೆ ಬೇಕಾದ್ದನ್ನು ಇಳಿಸಿಕೊಳ್ಳುತ್ತೆ. ಮುಂಬ್ರಾ ಹತ್ತಿರ ಅದಕ್ಕೆ ನೆಟ್ ಹುಡುಕುವ ಪಾಡು ಬೇಡ.

ಪ್ರಶ್ನೆ: ನಾನು ಪುಣೆಯ ಹಿಂಜವಡಿಯಲ್ಲಿದ್ದೇನೆ. ನನ್ನ ಹ್ಯಾಂಡ್‌ಹೆಲ್ಡ್‌ನಲ್ಲಿ ಇಂಟೆಲ್ ಚಿಪ್ ಇದೆ, ಆಡುವುದೆಲ್ಲ ಮೈಕ್ರೋಸಾಫ್ಟ್‌ನ ಚಂದಾ ಸೇವೆಯಾದ ಗೇಮ್ ಪಾಸ್‌ನಿಂದ. ನಾನೂ ಸ್ಟೀಮ್‌ಓಎಸ್‌ಗೆ ಬರಲಾ?

ಉತ್ತರ: ಬೇಡ. ಗೇಮ್ ಪಾಸ್‌ನಿಂದ ಇಳಿಸಿಕೊಂಡ ಆಟಗಳು ಲಿನಕ್ಸಿನಲ್ಲಿ ಓಡುವುದಿಲ್ಲ. ಕ್ಲೌಡ್‌ನಲ್ಲಿ ಮಾತ್ರ ಆಡಬಹುದು, ಅದಕ್ಕೆ ನೆಟ್ ಗಟ್ಟಿಯಾಗಿರಬೇಕು. ಸ್ಟೀಮ್‌ಓಎಸ್ ಬೆಳೆದದ್ದೂ ಎಎಂಡಿ ಚಿಪ್‌ಗಳ ಜೊತೆಗೇ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್‌ನಲ್ಲಿ ಎಕ್ಸ್‌ಬಾಕ್ಸ್ ಅಲೈ ಎಂಬ ಹ್ಯಾಂಡ್‌ಹೆಲ್ಡ್ ಜೊತೆ ತಂದ ಪೂರ್ಣ ಪರದೆಯ ಎಕ್ಸ್‌ಬಾಕ್ಸ್ ಮೋಡ್ ಈಗ ಬೇರೆ ವಿಂಡೋಸ್ ಹ್ಯಾಂಡ್‌ಹೆಲ್ಡ್‌ಗಳಿಗೂ ಬಂದಿದೆ. ಸೆಟ್ಟಿಂಗ್ಸ್‌ನ ಗೇಮಿಂಗ್ ವಿಭಾಗದಲ್ಲಿ ಅದನ್ನು ಆನ್ ಮಾಡಿ. ಡೆಸ್ಕ್‌ಟಾಪ್‌ನ ಭಾರ ಇಳಿದು ಆಟಕ್ಕೆ ರ‍್ಯಾಮ್ ಜಾಸ್ತಿ ಸಿಗುತ್ತೆ. ಮೇಲೆ ಹೇಳಿದ ಹೈಬರ್ನೇಟ್ ನಿಮಗೂ ಬೇಕು, ಹಿಂಜವಡಿಯ ಟ್ರಾಫಿಕ್‌ನಲ್ಲಿ ಬ್ಯಾಗ್ ಎಷ್ಟು ಹೊತ್ತು ಮುಚ್ಚಿಯೇ ಇರುತ್ತೆ ಅಂತ ನಿಮಗೇ ಗೊತ್ತಲ್ಲ.