ಮಗಳ ಕನ್ನಡದ ಬಗ್ಗೆ ಕೇಳಿದ್ದೀರಿ

ಎಂಟು ವರ್ಷದ ಮಗಳ ಜೊತೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬರುತ್ತಿದ್ದೀರಿ. ಇಲ್ಲಿ ಕನ್ನಡ ಕಲಿಸುವವರು ಇದ್ದಾರಾ, ಮನೆಯಲ್ಲೂ ಇಂಗ್ಲಿಷೇ ಮಾತಾಡಬೇಕಾ ಅಂತ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಖಂಡಿತ ಬೇಡ. ಇಂಗ್ಲಿಷ್ ಕಲಿಸೋಕೆ ಶಾಲೆ, ಟೀವಿ, ಪಕ್ಕದ ಮನೆ ಮಕ್ಕಳು ಎಲ್ಲರೂ ಇದ್ದಾರೆ. ಮನೆಯಲ್ಲಿ ಕನ್ನಡಕ್ಕೆ ಇರೋದು ಅಪ್ಪ-ಅಮ್ಮ ನೀವಿಬ್ಬರೇ.

ಕ್ಲಾಸಿಗೇನೂ ಕೊರತೆಯಿಲ್ಲ. ಕನ್ನಡ ಅಕಾಡೆಮಿಯ ‘ಕನ್ನಡ ಕಲಿ’ ತರಗತಿಗಳಿವೆ. ಬಂದ ವಾರದಲ್ಲೇ ಯಾರಾದರೂ ‘ಸೀಲ್ ಆಫ್ ಬೈಲಿಟರಸಿ’ ಬಗ್ಗೆಯೂ ಹೇಳುತ್ತಾರೆ. ಎರಡು ಭಾಷೆ ಚೆನ್ನಾಗಿ ಬಲ್ಲವರ ಹೈಸ್ಕೂಲ್ ಡಿಪ್ಲೊಮಾಕ್ಕೆ ಹಚ್ಚುವ ಮುದ್ರೆ ಅದು. ಕ್ಯಾಲಿಫೋರ್ನಿಯಾ 2011ರಲ್ಲೇ ಕಾನೂನು ಮಾಡಿದೆ. ಎಂಟರ ಮಗುವಿಗೆ ಈಗಲೇ ಆ ಚಿಂತೆ ಯಾಕೆ?

ನನ್ನ ಕೇಳಿದರೆ, ಸುಮ್ನೆ ಅಕ್ಷರ ತಿದ್ದಿಸುವುದಕ್ಕಿಂತ ಅನುವಾದ ಮಾಡಿಸಿ. ತಮಾಷೆಯಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ‘ಸೆಂಟರ್ ಫಾರ್ ದಿ ಆರ್ಟ್ ಆಫ್ ಟ್ರಾನ್ಸ್‌ಲೇಷನ್’ನವರು ‘ಪೊಯೆಟ್ರಿ ಇನ್‌ಸೈಡ್ ಔಟ್’ ಅಂತ ಒಂದು ಕಾರ್ಯಕ್ರಮ ಮಾಡಿದ್ದಾರೆ. ಪ್ರೈಮರಿ ಮಕ್ಕಳ ಕೈಗೇ ಬೇರೆ ಭಾಷೆಯ ಪದ್ಯ, ಕವಿಯ ಪರಿಚಯ, ಪದಗಳ ಅರ್ಥ ಇರುವ ಹಾಳೆ ಕೊಡುತ್ತಾರೆ. ಇಬ್ಬಿಬ್ಬರು ಕೂತು ಮೊದಲು ತುಂಡು ತುಂಡಾಗಿ ಅನುವಾದಿಸಬೇಕು. ಆಮೇಲೆ ನಾಲ್ವರು ಸೇರಿ ಅದನ್ನು ಪದ್ಯದ ಹಾಗೆ ಹರಿಯುವಂತೆ ಮಾಡಬೇಕು. ಜಗಳ ಗ್ಯಾರಂಟಿ, ಲಾಭವೂ ಅಲ್ಲೇ.

ನಾವು ಇದನ್ನೇ ಒಗಟುಗಳ ಜೊತೆ ಮಾಡುತ್ತೇವೆ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಕೊಟ್ಟಾಗ ಒಬ್ಬ ಹುಡುಗ ‘ಯೋಗರ್ಟ್ ಆನ್ ಎ ಗ್ರೀನ್ ಪ್ಲಾಂಟ್’ ಅಂತ ಬರೆದು ಪೆನ್ಸಿಲ್ ಇಟ್ಟುಬಿಟ್ಟ. ಪಕ್ಕದ ಹುಡುಗಿ ಒಪ್ಪಲಿಲ್ಲ. ಹಸಿರು, ಮೊಸರು ಪ್ರಾಸ ಎಲ್ಲಿ ಹೋಯಿತು ಅಂತ ಅವಳ ತಕರಾರು. ಮೊಸರು ಬಿಟ್ಟು ‘ಕ್ರೀಮ್’ ಹಾಕಿದಳು, ‘ಗ್ರೀನ್’ಗೆ ಹತ್ತಿರ ಬಂತಲ್ವಾ! ಉತ್ತರ ಮಲ್ಲಿಗೆ ಅಂತ ಯಾರಿಗೂ ಹೊಳೆಯಲಿಲ್ಲ, ಆ ಮಾತು ಬೇರೆ. ಆದರೆ ಆ ಸಾಲನ್ನು ಅವಳು ಎಷ್ಟು ಸಲ ಓದಿರಬೇಕು ನೋಡಿ. ಕಾಪಿ ಬರೆಸಿದ್ದರೆ ಒಂದು ಸಲ ಓದುತ್ತಿದ್ದಳೋ ಇಲ್ಲವೋ.

ಇನ್ನೊಂದು. ಕೆಲವು ತಿಂಗಳಲ್ಲೇ ನಿಮ್ಮ ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡೋಕೆ ಶುರು ಮಾಡಬಹುದು. ಗದರಿಸಬೇಡಿ, ನೀವು ಕನ್ನಡ ಬಿಡಬೇಡಿ. ಶಾಲೆಯಿಂದ ತಂದ ಚಿತ್ರಪುಸ್ತಕವನ್ನು ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳಲಿ. ಅಜ್ಜಿ ‘ಏನಂದೆ?’ ಅಂತ ಕೇಳಿದಾಗಲೆಲ್ಲ ಬೇರೆ ಪದ ಹುಡುಕಲೇಬೇಕು. ನೀವು ಮಧ್ಯೆ ಬಾಯಿ ಹಾಕದಿದ್ದರೆ ಸಾಕು.